ಮುಖದಿಂದ ಇಳಿಯದ ಟೋಪಿ

ಡಿಂಗೆನಾ ಹುಟ್ಟಿದ್ದು, ಬೆಳೆದದ್ದು, ಮದುವೆಯಾಗಿ ಹೋದದ್ದು ಎಲ್ಲ ಒಂದೇ ಬೀದಿಯಲ್ಲಿ. ಝೇಲಂಡ್ ಸೀಮೆಯ ಒಂದು ಮೀನುಗಾರರ ಊರು. ಕಡಲ ನೀರು ತಡೆಯುವ ಒಡ್ಡಿನ ಬುಡಕ್ಕೆ ಬೆನ್ನು ಕೊಟ್ಟು ನಿಂತ ಹದಿನೆಂಟು ಮನೆಗಳ ಸಾಲು. ತೌರಿನಿಂದ ಗಂಡನ ಮನೆ ಸೇರಲು ಅವಳು ದಾಟಿದ್ದು ಐದೇ ಬಾಗಿಲು. ಹಾಸಿಗೆ ಬಟ್ಟೆಯನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ತಾಯಿ ಜೊತೆಗೆ ಬಂದಿದ್ದಳು. ಹೊಸ ಮನೆಯ ಹೊಸಿಲ ಹತ್ತಿರ ನಿಂತು, ಗಾಳಿ ಎದ್ದಾಗ ಪ್ರಾರ್ಥನೆ ಮಾಡು, ಮಿಕ್ಕಿದ್ದು ನಿನಗೇ ತಿಳಿಯುತ್ತದೆ ಎಂದು ಹೇಳಿ, ಖಾಲಿ ಗಾಡಿ ತಳ್ಳಿಕೊಂಡು ವಾಪಸು ಹೋಗಿದ್ದಳು.

ತಾಯಿಯ ಮಾತನ್ನು ಡಿಂಗೆನಾ ಚಾಚೂ ತಪ್ಪದೆ ನಡೆಸಿದಳು. ನಲವತ್ತೈದು ವರ್ಷ ಗಾಳಿ ಎದ್ದಾಗಲೆಲ್ಲ ಪ್ರಾರ್ಥನೆ ಮಾಡಿದಳು. ಗಂಡ ಕ್ರೈನ್‌ನ ಸಿಗಡಿ ದೋಣಿ ಹೊರಗಿದ್ದಾಗ ಪಡುವಣ ಗಾಳಿ ಕಿಟಕಿಯ ಚೌಕಟ್ಟನ್ನು ಅಲುಗಿಸತೊಡಗಿದರೆ, ಸುಲಿಯುತ್ತಿದ್ದ ಸಿಗಡಿ ಕೈಯಲ್ಲೇ ಉಳಿದು ತುಟಿ ಅಲ್ಲಾಡುತ್ತಿತ್ತು: ಕರ್ತನೇ, ಕರಕೊಂಡು ಬಾ. ದೋಣಿ ಬಂತು ಎಂದು ಬೀದಿಯಲ್ಲಿ ಯಾರಾದರೂ ಹೇಳಿಕೊಂಡು ಹೋದ ಕೂಡಲೇ ಆಲೂಗಡ್ಡೆ ಒಲೆಗೇರುತ್ತಿತ್ತು. ಅಲ್ಲಿಗೆ ಅವಳಿಗೂ ದೇವರಿಗೂ ಇದ್ದ ಮಾತು ಮುಗಿಯಿತು. ಕೇಳುವುದು ಅವಳ ಪಾಲು, ಕೊಂಡಾಡುವುದು ಗಂಡನ ಪಾಲು ಎಂದು ಯಾರೂ ಹಂಚಿಕೊಟ್ಟಿರಲಿಲ್ಲ; ಆದರೂ ಆ ಮನೆಯಲ್ಲಿ ಹಾಗೇ ನಡೆದುಕೊಂಡು ಬಂದಿತ್ತು.

ಕೊಂಡಾಡುವುದರಲ್ಲಿ ಕ್ರೈನ್ ಕೈ ಬಿಗಿ ಹಿಡಿದವನಲ್ಲ. ಆ ಊರಿನಲ್ಲಿ ಊಟಕ್ಕೆ ಮುಂಚೆ ಒಂದು ಪ್ರಾರ್ಥನೆ. ಊಟವಾದ ಮೇಲೆ ಸತ್ಯವೇದದ ಒಂದು ಅಧ್ಯಾಯ, ಅದಾದ ಮೇಲೆ ಸ್ತೋತ್ರ. ಮನೆಯ ಗಂಡಸು ತಲೆಯ ಟೋಪಿ ತೆಗೆದು, ಮುಖಕ್ಕೆ ಅಡ್ಡ ಹಿಡಿದು, ಎಲ್ಲರಿಗೂ ಕೇಳಿಸುವ ಹಾಗೆ ಹೇಳಬೇಕು. ಆಮೆನ್ ಆಗಿ ಟೋಪಿ ಕೆಳಗಿಳಿಯುವ ತನಕ ಮೇಜು ಬಿಟ್ಟು ಯಾರೂ ಏಳುವ ಹಾಗಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೂ ಕೂತೇ ನೋಡಬೇಕು. ಬೇರೆ ಮನೆಗಳಲ್ಲಿ ಅಪ್ಪ, ಅಜ್ಜ ಹೇಳಿಕೊಂಡು ಬಂದ ಸ್ತೋತ್ರವನ್ನೇ ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ ಹೇಳಿ ಮುಗಿಸುತ್ತಿದ್ದರು. ಕ್ರೈನ್ ಅದನ್ನೂ ಹೇಳುತ್ತಿದ್ದ. ಹೇಳಿ ಆಮೆನ್‌ಗೆ ಮುಂಚೆ ಆವತ್ತಿನದೊಂದು ಸೇರಿಸುತ್ತಿದ್ದ. ಎಂಜಿನ್ನು ಒಂದೇ ತಿರುವಿಗೆ ಹೊತ್ತಿಕೊಂಡಿತು, ಅದಕ್ಕೆ ಸ್ತೋತ್ರ. ಮಜ್ಜಿಗೆ ಗಂಜಿ ತಳ ಹಿಡಿದಿರಲಿಲ್ಲ, ಅದಕ್ಕೆ ಸ್ತೋತ್ರ. ಮೂರನೇ ಮನೆಯ ಹುಂಜಕ್ಕೆ ಗಂಟಲು ಕಟ್ಟಿದೆ, ಅದಕ್ಕಂತೂ ವಿಶೇಷ ಸ್ತೋತ್ರ.

ಆಗಿನ್ನೂ ಮನೆಯಲ್ಲೇ ಇದ್ದ ಅವರ ಹೆಣ್ಣುಮಕ್ಕಳಿಬ್ಬರೂ ಮೇಜಿನ ಕೆಳಗೆ ಒಬ್ಬರ ಕಾಲನ್ನೊಬ್ಬರು ತುಳಿದು ನಗು ತಡೆಯುತ್ತಿದ್ದರು. ಡಿಂಗೆನಾಳಿಗೆ ಮಾತ್ರ ನಾಚಿಕೆಯಾಗುತ್ತಿತ್ತು. ಅವಳ ತಂದೆಯ ಮನೆಯಲ್ಲಿ ದೇವರ ಮುಂದೆ ಮಾತಾಡುವಾಗ ದನಿಯೇ ಬೇರೆಯಾಗುತ್ತಿತ್ತು, ನ್ಯಾಯಾಧೀಶರ ಮುಂದೆ ನಿಂತ ಹಾಗೆ. ಒಂದು ವರ್ಷ ಚರ್ಚಿನ ಸಭೆಯ ಹಿರಿಯ ಇಸಾಕ್ ಮನೆ ಭೇಟಿಗೆ ಬಂದವನು ಇಂಥದ್ದೊಂದು ಸ್ತೋತ್ರ ಕೇಳಿ, ದೇವರೊಡನೆ ಹೀಗೆ ಬೇಲಿ ಮೇಲೆ ಮೊಣಕೈ ಊರಿ ಹರಟಬಾರದು ಎಂದು ಕ್ರೈನ್‌ಗೆ ಬುದ್ಧಿ ಹೇಳಿದ. ಕ್ರೈನ್ ತಲೆ ಕೆರೆದುಕೊಂಡ. ಇಸಾಕ್ ಹೇಳಿದ್ದು ಸರಿಯಾಗೇ ಇದೆ ಎಂದಳು ಡಿಂಗೆನಾ, ಕಾಫಿ ಬಗ್ಗಿಸುತ್ತಾ. ಆ ಮಾತು ಮುಂದೆ ಎಷ್ಟೋ ದಿನ ಅವಳ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿತು. ಆವತ್ತು ಮಾತ್ರ ಏನೂ ಅನಿಸಲಿಲ್ಲ.

ಕ್ರೈನ್‌ಗೆ ಎಪ್ಪತ್ತೊಂದು ತುಂಬಿದ ಜನವರಿಯಲ್ಲಿ ಲಕ್ವ ಹೊಡೆಯಿತು. ಬಂದರಿನ ಕಟ್ಟೆಯ ಮೇಲೆ ಬಲೆ ಮಡಚುತ್ತಿದ್ದವನು ಬಲೆಯ ಮೇಲೇ ಒರಗಿದ. ಐದು ವಾರ ಪಟ್ಟಣದ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಬಲಗೈ ಜೋತಾಡುತ್ತಿತ್ತು, ಬಲಗಾಲು ಎಳೆಯುತ್ತಿತ್ತು, ಮಾತು ಪೂರ್ತಿ ಹೋಗಿತ್ತು. ಕಣ್ಣು ಮಾತ್ರ ಮೊದಲಿನದೇ. ಹೇಳಿದ್ದೆಲ್ಲ ತಿಳಿಯುತ್ತಿತ್ತು. ಪೆನ್ಸಿಲು ಕೊಟ್ಟರೆ ಎಡಗೈಯಲ್ಲಿ ಗೀಟು ಎಳೆಯುತ್ತಿದ್ದ, ಅಕ್ಷರ ಬರುತ್ತಿರಲಿಲ್ಲ.

ಮೊದಲ ದಿನ ಮಧ್ಯಾಹ್ನದ ಊಟಕ್ಕೆ ಕೂತರು. ಅವನು ಎಡಗೈಯಿಂದ ಟೋಪಿ ತೆಗೆದು ಮುಖಕ್ಕೆ ಹಿಡಿದ. ಡಿಂಗೆನಾ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಟೋಪಿ ಇಳಿಯಿತು, ಉಂಡರು. ಊಟವಾದ ಮೇಲೆ ಅವಳೇ ಅಧ್ಯಾಯ ಓದಿದಳು. ಆಮೇಲೆ ಸ್ತೋತ್ರಕ್ಕೆಂದು ಟೋಪಿ ಮತ್ತೆ ಮುಖಕ್ಕೆ ಹೋಯಿತು. ಗಟ್ಟಿಯಾಗಿ ಹೇಳುವವರು ಯಾರೂ ಇಲ್ಲ. ತಾನು ಬಾಯಿ ಬಿಟ್ಟರೆ ಅವನ ಜಾಗ ಕಿತ್ತುಕೊಂಡ ಹಾಗಾದೀತು ಎಂದು ಡಿಂಗೆನಾಳ ಅಳುಕು. ಆದ್ದರಿಂದ ಮನಸ್ಸಿನಲ್ಲೇ ಹೇಳಿ ಮುಗಿಸಿ ಕಣ್ಣು ಬಿಟ್ಟಳು. ಟೋಪಿ ಇಳಿದಿರಲಿಲ್ಲ. ಕಾದಳು. ತಟ್ಟೆಯಲ್ಲಿ ಹಂದಿಯ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತು. ಗಡಿಯಾರ ಒಂದು ಹೊಡೆಯಿತು, ಎರಡು ಹೊಡೆಯಿತು. ಟೋಪಿ ಅಲ್ಲೇ ಇತ್ತು. ಅದು ಅಲ್ಲಿರುವಾಗ ಏಳುವುದಾದರೂ ಹೇಗೆ?

ಎರಡೂವರೆಗೆ ಪಕ್ಕದ ಮನೆಯ ತೋನಾ ಸಿಗಡಿಯ ಬಕೆಟ್ಟು ಹೊತ್ತು ಹಿಂಬಾಗಿಲಿನಿಂದ ಬಂದಳು. ಈ ಇಬ್ಬರು ಹೆಂಗಸರು ಮೂವತ್ತು ವರ್ಷದಿಂದ ಒಂದೇ ಮೇಜಿಗೆ ಕೂತು ವ್ಯಾಪಾರಿಗಾಗಿ ಸಿಗಡಿ ಸುಲಿಯುತ್ತಿದ್ದರು. ತೋನಾಳ ಬಾಯಿ ಅವಳ ಬೆರಳಿಗಿಂತ ಚುರುಕು.

"ಇನ್ನೂ ಊಟವೇನೇ? ತಿಮಿಂಗಿಲ ಬೇಯಿಸಿದ್ಯಾ?"

"ಶ್. ಸ್ತೋತ್ರ ಆಗ್ತಿದೆ."

"ಯಾವಾಗಿಂದ?"

"ಹನ್ನೆರಡೂವರೆಯಿಂದ."

ತೋನಾ ಬಕೆಟ್ಟು ಇಳಿಸಿ, ಟೋಪಿಯ ಹತ್ತಿರ ಬಗ್ಗಿ, "ದೇವರಿಗೆ ಬೇರೆ ಮನೆಗಳೂ ಇದಾವೆ ಕಣೋ ಕ್ರೈನ್," ಎಂದಳು. ಟೋಪಿಯ ಹಿಂದಿನಿಂದ ನಗುವೋ ಕೆಮ್ಮೋ ತಿಳಿಯದ ಒಂದು ಸದ್ದು ಬಂತು. ಆದರೆ ಟೋಪಿ ಇಳಿಯಲಿಲ್ಲ. ಕೊನೆಗೆ ತೋಳು ಸೋತು, ತಲೆ ಎದೆಗೆ ಬಾಗಿ, ಅವನು ಕೂತಲ್ಲೇ ನಿದ್ದೆಹೋದ. ಟೋಪಿ ಸಿಗಡಿಯ ಬಕೆಟ್ಟಿಗೆ ಬಿತ್ತು.

ಹೀಗೆ ದಿನಾ ಆಗತೊಡಗಿತು. ಆಸ್ಪತ್ರೆಯಿಂದ ಬಂದ ಮನುಷ್ಯ, ಪಾಪ, ತಲೆಯಲ್ಲಿ ಏನೋ ಕಳಚಿದೆ ಎಂದುಕೊಂಡಳು ಡಿಂಗೆನಾ. ಆದರೆ ಮನೆಯೊಳಗಿನದು ಮನೆಯೊಳಗೇ ಉಳಿಯಲಿಲ್ಲ.

ಮಾರ್ಚಿಯ ಎರಡನೇ ಬುಧವಾರ ಆ ಊರಿನಲ್ಲಿ ಪ್ರಾರ್ಥನೆಯ ದಿನ. ಬರುವ ವರ್ಷದ ಬೆಳೆಗೂ ಬಲೆಗೂ ದೇವರ ಆಶೀರ್ವಾದ ಬೇಡುವ ದಿನ. ನವೆಂಬರಿನ ಮೊದಲ ಬುಧವಾರ ಸ್ತೋತ್ರದ ದಿನ. ಬಂದದ್ದಕ್ಕೆ ವಂದನೆ ಹೇಳುವುದು. ಆ ಎರಡು ದಿನ ಒಂದು ದೋಣಿಯೂ ಬಂದರು ಬಿಡುವುದಿಲ್ಲ. ಸಭೆಗೆ ಬೋಧಕರಿಲ್ಲದೆ ಹನ್ನೊಂದು ವರ್ಷವಾಗಿತ್ತು. ಹಿರಿಯ ಇಸಾಕನೇ ಬೋಧಕರ ಪೀಠದ ಮೇಲೆ ನಿಂತು ಹಳೆಯ ಪ್ರಸಂಗ ಓದಿ, ಪ್ರಾರ್ಥನೆಯನ್ನೂ ನಡೆಸುತ್ತಿದ್ದ. ಪ್ರಾರ್ಥನೆಯ ಹೊತ್ತಿಗೆ ಹೆಂಗಸರು ಕೂತಿರುತ್ತಾರೆ, ಗಂಡಸರೆಲ್ಲ ಎದ್ದು ಟೋಪಿ ಮುಖಕ್ಕೆ ಹಿಡಿದು ನಿಲ್ಲುತ್ತಾರೆ. ಕ್ರೈನ್ ಮುಂದಿನ ಬೆಂಚಿಗೆ ತೊಡೆ ಒತ್ತಿ ಎದ್ದು ನಿಂತ. ಇಸಾಕನ ಪ್ರಾರ್ಥನೆ ಇಪ್ಪತ್ತು ನಿಮಿಷ ನಡೆಯಿತು. ಆಮೆನ್ ಎಂದಾಗ ಬೆಂಚುಗಳು ಕಿರ್ರೆಂದವು, ಗಂಡಸರು ಕೂತರು. ಕ್ರೈನ್ ಕೂರಲಿಲ್ಲ.

ಡಿಂಗೆನಾ ಕೋಟಿನ ತುದಿ ಹಿಡಿದು ಎಳೆದಳು. ಕಂಬ ಎಳೆದ ಹಾಗಾಯಿತು. ಕೀರ್ತನೆ ಶುರುವಾಯಿತು. ಆ ಸಭೆಯಲ್ಲಿ ಕೀರ್ತನೆ ಹಾಡುವುದು ಎಷ್ಟು ನಿಧಾನವೆಂದರೆ ಒಂದು ಚರಣ ಮುಗಿಯುವಷ್ಟರಲ್ಲಿ ಒಂದು ಆಲೂಗಡ್ಡೆ ಸುಲಿಯಬಹುದು. ಮೂರು ಚರಣ ಮುಗಿದರೂ ಅವನು ಟೋಪಿ ಮುಖಕ್ಕೆ ಹಿಡಿದು ನಿಂತೇ ಇದ್ದ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಮೇಲಿನಿಂದ ಇಸಾಕ್ ಕನ್ನಡಕದ ಮೇಲಿಂದ ನೋಡಿದ ನೋಟ ಡಿಂಗೆನಾಳ ಕುತ್ತಿಗೆಯನ್ನು ಸುಟ್ಟಿತು. ಕಡೆಗೆ ಇಬ್ಬರು ಬಂದು ಭುಜ ಹಿಡಿದು ಅವನನ್ನು ಕೂರಿಸಿದರು.

ಊರಿನ ಬಾಯಿಗೆ ಕೆಲಸ ಸಿಕ್ಕಿತು. ಕೆಲವರು ಬುದ್ಧಿ ಹೋಗಿದೆ ಎಂದರು. ಇಸಾಕನ ಪ್ರಾರ್ಥನೆ ಮುಗಿದದ್ದನ್ನು ನಂಬಲು ಯಾರಿಗಾದರೂ ಅಷ್ಟು ಹೊತ್ತು ಬೇಕಲ್ಲವೇ ಎಂದಳು ತೋನಾ. ಡಿಂಗೆನಾ ನಗಲಿಲ್ಲ. ಮುಂದಿನ ಭಾನುವಾರ ಕ್ರೈನ್ ಕೋಟಿಗೆ ಕೈ ಚಾಚಿದಾಗ ಅವಳು ಬೀರುವಿನ ಬಾಗಿಲು ಹಾಕಿ, ಹೊರಗೆ ಚಳಿ ಜಾಸ್ತಿ ಎಂದಳು. ಅದರ ಮುಂದಿನ ಭಾನುವಾರವೂ ಚಳಿ. ಏಪ್ರಿಲ್ ಬಂದರೂ ಚಳಿ ಬಿಡಲಿಲ್ಲ. ಅವನು ವಾದ ಮಾಡುವ ಹಾಗಿರಲಿಲ್ಲವಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ. ಜೋರು ಗಾಳಿ. ಬಂದರಿನಿಂದ ಎರಡು ಬಕೆಟ್ಟು, ದೋಣಿಯಲ್ಲೇ ಬೇಯಿಸಿದ ಬಿಸಿ ಸಿಗಡಿ ಬಂದು ಕೂತಿತ್ತು, ಸಂಜೆಯೊಳಗೆ ಸುಲಿದು ಮುಗಿಸಬೇಕು, ಇಲ್ಲದಿದ್ದರೆ ಹಾಳು. ಊಟ ಮುಗಿದು ಟೋಪಿ ಮುಖಕ್ಕೇರಿತು. ಡಿಂಗೆನಾಳಿಗೆ ತಡೆಯಲಾಗಲಿಲ್ಲ. ಅಳುಕನ್ನೆಲ್ಲ ಬದಿಗಿಟ್ಟು, ತಂದೆಯ ಮನೆಯ ಸ್ತೋತ್ರವನ್ನು ಬಾಯಿಬಿಟ್ಟು, ಅಂಗಡಿಯ ಚೀಟಿ ಓದಿದ ಹಾಗೆ ಒಂದೇ ಉಸಿರಿಗೆ ಹೇಳಿ ಆಮೆನ್ ಎಂದಳು. ಟೋಪಿ ಇಳಿಯಲಿಲ್ಲ. ಅರವತ್ತೇಳು ವರ್ಷದಲ್ಲಿ ಮೊದಲ ಸಲ ಅವಳು ಟೋಪಿ ಇಳಿಯುವ ಮುಂಚೆ ಮೇಜು ಬಿಟ್ಟು ಎದ್ದಳು. ಎದ್ದು ಕಿಟಕಿಯ ಹತ್ತಿರ ಹೋಗಿ, ಅವನಿಗೆ ಬೆನ್ನು ಹಾಕಿ ನಿಂತಳು. ಕಣ್ಣಲ್ಲಿ ನೀರು ತುಂಬಿತ್ತು, ಸಿಟ್ಟಿನದೇ ಹೆಚ್ಚು.

ಹೊರಗೆ ಒಡ್ಡಿನ ಇಳಿಜಾರಿನಲ್ಲಿ ಕುರಿಗಳು ಮೇಯುತ್ತಿದ್ದವು. ತೋನಾಳ ಒಗೆದ ಬಟ್ಟೆಯ ಹಗ್ಗ ಗಾಳಿಗೆ ಕಿತ್ತುಹೋಗಿತ್ತು. ಅವಳ ಗಂಡನ ಉದ್ದನೆಯ ಉಣ್ಣೆಯ ಒಳಚಲ್ಲಣ ಹಾರಿ ಒಂದು ಮುದಿ ಕುರಿಯ ಕೊರಳಿಗೆ ಸಿಕ್ಕಿಕೊಂಡಿತ್ತು. ಕುರಿ ಚಲ್ಲಣದ ಎರಡು ಕಾಲುಗಳನ್ನು ಬಾವುಟದ ಹಾಗೆ ಹಾರಿಸುತ್ತಾ ಓಡುತ್ತಿದೆ. ತೋನಾ ಮರದ ಮೆಟ್ಟು ಕೈಯಲ್ಲಿ ಹಿಡಿದು ಅದರ ಹಿಂದೆ. ಮಿಕ್ಕ ಕುರಿಗಳೆಲ್ಲ ತೋನಾಳ ಹಿಂದೆ.

ಡಿಂಗೆನಾ ನಕ್ಕಳು. ಅಳು ಇನ್ನೂ ಅರ್ಧ ದಾರಿಯಲ್ಲಿದ್ದಾಗಲೇ ನಗು ಬಂದು ಎರಡೂ ಕಲಸಿಹೋದವು. "ದೇವರೇ, ಈ ತೋನಾಳನ್ನ ನೋಡು," ಎಂದಳು ತನಗರಿವಿಲ್ಲದೆ. "ಇವಳನ್ನ ಕೊಟ್ಟಿದ್ದಕ್ಕೆ ನಿನಗೆ ಸ್ತೋತ್ರ."

ಹಿಂದೆ ಮೇಜಿನ ಮೇಲೆ ಮೆತ್ತನೆಯ ಸದ್ದಾಯಿತು. ತಿರುಗಿ ನೋಡಿದಳು. ಟೋಪಿ ತಟ್ಟೆಯ ಪಕ್ಕದಲ್ಲಿತ್ತು. ಕ್ರೈನ್ ಬಾಯಿಯ ಒಂದೇ ಬದಿಯಲ್ಲಿ ನಗುತ್ತಾ ಅವಳನ್ನೇ ನೋಡುತ್ತಿದ್ದ.

ಆವತ್ತು ಸಿಗಡಿ ಸುಲಿಯುವಾಗ ಅವಳ ಬೆರಳು ಪದೇ ಪದೇ ನಿಲ್ಲುತ್ತಿತ್ತು. ತಲೆಯಲ್ಲಿ ಏನೂ ಕಳಚಿಲ್ಲ ಹಾಗಾದರೆ. ಅವನು ಕಾಯುತ್ತಿದ್ದದ್ದು ಆವತ್ತಿನದೊಂದಕ್ಕೆ. ಆಮೆನ್‌ಗೆ ಮುಂಚೆ ಸೇರಿಸುತ್ತಿದ್ದ ಆ ಒಂದು ಚಿಕ್ಕದಕ್ಕೆ. ಅದಿಲ್ಲದ ಸ್ತೋತ್ರ ಅವನ ಲೆಕ್ಕದಲ್ಲಿ ಮುಗಿದೇ ಇರಲಿಲ್ಲ.

ಮರುದಿನ ಪರೀಕ್ಷೆ ಮಾಡಿದಳು. ಬಾಯಿಪಾಠದ ಸ್ತೋತ್ರ ಹೇಳಿ ಆಮೆನ್ ಎಂದಳು, ಟೋಪಿ ಕದಲಲಿಲ್ಲ. "ಮತ್ತೆ, ಕರ್ತನೇ, ಹಾಲಿನವನು ಇವತ್ತು ಗೇಟು ಹಾಕಿಕೊಂಡು ಹೋದ," ಎಂದಳು. ಟೋಪಿ ಇಳಿಯಿತು. ಅದರ ಮರುದಿನ ಸುಲಭವೆಂದು ಹಾಲಿನವನನ್ನೇ ಮತ್ತೆ ತಂದಳು. ಟೋಪಿ ಮುಖದಲ್ಲೇ ಇತ್ತು. ಹಳೆಯದು ನಡೆಯುವುದಿಲ್ಲ ಎಂದು ತಿಳಿಯಿತು. ಇನ್ನೊಂದು ದಿನ ಸುಮ್ಮನೆ, ಸುಂದರವಾದ ಬಿಸಿಲಿಗೆ ಸ್ತೋತ್ರ ಎಂದಳು. ಹೊರಗೆ ಕಿಟಕಿಗೆ ಮಂಜು ಅಂಟಿಕೊಂಡಿತ್ತು. ಟೋಪಿಯ ಅಂಚಿನಿಂದ ಒಂದು ಕಣ್ಣು ಹೊರಬಂದು ಅವಳನ್ನು ನೋಡಿ ಮತ್ತೆ ಒಳಗೆ ಹೋಯಿತು.

ಆ ಬೇಸಿಗೆಯೆಲ್ಲ ಡಿಂಗೆನಾಳಿಗೆ ಇದೊಂದು ಹೊಸ ಕೆಲಸ. ಊಟದ ಮೇಜಿನಿಂದ ಏಳಬೇಕಾದರೆ ಮಧ್ಯಾಹ್ನದೊಳಗೆ ಒಂದು ಹುಡುಕಿಟ್ಟಿರಬೇಕು. ಮೊದಮೊದಲು ಒಲೆಗೆ ಸೌದೆ ಆರಿಸಿದ ಹಾಗೆ ಮುಖ ಗಂಟಿಕ್ಕಿ ಆರಿಸುತ್ತಿದ್ದಳು. ರೊಟ್ಟಿ ತರಲು ಹೋದಾಗ ಬೇಕರಿಯ ಗಾಜಿನ ಮೇಲೆ ಕೂತ ಹಬೆ ನೋಡಿದಳು. ಹೊಸ ಆಲೂಗಡ್ಡೆಯ ಸಿಪ್ಪೆ ಹೆಬ್ಬೆರಳಿನಿಂದ ಉಜ್ಜಿದರೇ ಬಿಟ್ಟುಬರುವುದನ್ನು ನೋಡಿದಳು. ಅರವತ್ತು ವರ್ಷ ಸುಲಿದ ಸಿಗಡಿಯನ್ನು ಒಂದು ಬೆಳಿಗ್ಗೆ ಬೆಳಕಿಗೆ ಹಿಡಿದು ನೋಡಿದಳು. ಒಳಗೆ ಗುಲಾಬಿ ಬಣ್ಣದ ಗೆರೆ ಇತ್ತು. ಇದು ಯಾವಾಗಿನಿಂದ ಇದೆ ಎಂದು ತೋನಾಳನ್ನು ಕೇಳಿದಳು. ಆದಾಮನ ಕಾಲದಿಂದ ಎಂದಳು ತೋನಾ. ಜುಲೈ ಹೊತ್ತಿಗೆ ಒಂದರ ಬದಲು ಮೂರು ನಾಲ್ಕು ಸಿಗತೊಡಗಿ, ಯಾವುದನ್ನು ಹೇಳುವುದೆಂಬ ಚಿಂತೆ ಹತ್ತಿಕೊಂಡಿತು. ಮಿಕ್ಕದ್ದನ್ನು ನಾಳೆಗೆ ಇಡೋಣವೆಂದರೆ ನಾಳೆಗೆ ಅದು ಹಳಸುತ್ತಿತ್ತು.

ಎಲ್ಲಾ ದಿನವೂ ಹಾಗಿರಲಿಲ್ಲ. ಆಗಸ್ಟಿನಲ್ಲಿ ಡಾಕ್ಟರು ಕರೆಸಿ, ಇಷ್ಟು ದಿನದಲ್ಲಿ ಬಾರದ ಮಾತು ಇನ್ನು ಬರುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ಬಸ್ಸಿನಲ್ಲಿ ಇಬ್ಬರೂ ಹೊಲಗಳನ್ನು ನೋಡುತ್ತಾ ಬಂದರು. ಮನೆಗೆ ಬಂದು ತಣ್ಣಗಿನ ಊಟ ಉಂಡರು. ಟೋಪಿ ಮುಖಕ್ಕೆ ಹೋಯಿತು. ಡಿಂಗೆನಾ ಬಾಯಿಪಾಠದ್ದನ್ನು ಹೇಳಿ ನಿಂತಳು. ಹುಡುಕಿದಳು, ಒಳಗೆಲ್ಲ ಖಾಲಿ.

"ಇವತ್ತು ನನ್ನ ಹತ್ರ ಏನೂ ಇಲ್ಲ, ಕರ್ತನೇ. ನಲವತ್ತೈದು ವರ್ಷ ಗಾಳಿ ಎದ್ದಾಗೆಲ್ಲ ಇವನನ್ನ ಕರಕೊಂಡು ಬಾ ಅಂತ ಕೇಳ್ದೆ. ಪ್ರತಿ ಸಲ ಕರಕೊಂಡು ಬಂದೆ. ಒಂದು ದಿನ ನಿನಗೊಂದು ಮಾತು ಹೇಳ್ಲಿಲ್ಲ ನಾನು. ಈಗ್ಲೂ ಕರಕೊಂಡು ಬಂದಿದ್ದೀಯ. ಇಲ್ಲೇ ಕೂತಿದ್ದಾನೆ. ಅಷ್ಟೇ ಇರೋದು."

ಟೋಪಿ ಬಹಳ ನಿಧಾನವಾಗಿ ಇಳಿಯಿತು. ಅದರ ಒಳಗಿನ ಬಟ್ಟೆ ಒದ್ದೆಯಾಗಿತ್ತು.

ಅಕ್ಟೋಬರಿನ ಕೊನೆಯ ವಾರ ಬೆಳಿಗ್ಗೆ ಡಿಂಗೆನಾ ಅಡುಗೆಮನೆಗೆ ಬಂದಾಗ ಚರ್ಚಿಗೆ ಹಾಕುವ ಕಪ್ಪು ಕೋಟು ಕುರ್ಚಿಯ ಬೆನ್ನಿಗೆ ತೂಗಾಡುತ್ತಿತ್ತು. ಕ್ರೈನ್ ಒಂದೇ ಕೈಯಲ್ಲಿ ಬೀರು ತೆಗೆದು ತಂದಿಟ್ಟು, ಅದರ ಪಕ್ಕದಲ್ಲಿ ಕೂತಿದ್ದ. ಮುಂದಿನ ಬುಧವಾರ ಸ್ತೋತ್ರದ ದಿನ. ಒಡ್ಡು ಒಡೆದು ಕಡಲ ನೀರು ನುಗ್ಗಿ ಊರು ಮುಳುಗಿದ ವರ್ಷ ಕೂಡ, ಗೋಡೆಯಲ್ಲಿ ಉಪ್ಪು ಬಿಳಿಚಿಕೊಂಡಿದ್ದಾಗಲೂ, ಅವನು ಆ ದಿನ ತನ್ನ ಬೆಂಚು ತಪ್ಪಿಸಿದವನಲ್ಲ. ಎಲ್ಲರ ನಡುವೆ ನಿಂತು ವಂದನೆ ಹೇಳುವುದು ಅವನ ವರ್ಷದ ಹಬ್ಬ. ಈಗ ಚಳಿಯ ನೆಪ ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ. ಕರೆದುಕೊಂಡು ಹೋದರೆ ಅವನು ಎಲ್ಲರೆದುರು ಮತ್ತೆ ಕಂಬವಾಗಿ ನಿಲ್ಲುತ್ತಾನೆ, ಜನ ನಗುತ್ತಾರೆ. ಹೋಗದಿದ್ದರೆ ಅವನಿಗೆ ಉಳಿದಿರುವ ಒಂದನ್ನೂ ಅವಳೇ ಕಿತ್ತುಕೊಂಡ ಹಾಗೆ. ಕೋಟಿನ ಧೂಳು ಹೊಡೆದು ಅಲ್ಲೇ ಇಟ್ಟಳು. ಹೋಗೋಣ ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ.

ಆ ಶುಕ್ರವಾರ ಹಿರಿಯರು ಮನೆ ಭೇಟಿಗೆ ಬಂದರು. ವರ್ಷಕ್ಕೊಮ್ಮೆ ಜೋಡಿಯಾಗಿ ಬರುವುದು ವಾಡಿಕೆ: ಮುಂದೆ ಇಸಾಕ್, ಹಿಂದೆ ಬೇಕರಿಯ ಯೋಬ್. ಇಸಾಕನ ಹೆಂಡತಿ ಲೇನಾ ಆ ಬೇಸಿಗೆಯಲ್ಲಿ ತೀರಿಕೊಂಡಿದ್ದಳು. ಕೋಟಿನ ಒಂದು ಗುಂಡಿ ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದನ್ನು ಡಿಂಗೆನಾ ಬಾಗಿಲಲ್ಲೇ ಗಮನಿಸಿದಳು. ಕಾಫಿ ಬಗ್ಗಿಸಿದಳು, ಯೋಬನದೇ ಅಂಗಡಿಯ ದಾಲ್ಚಿನ್ನಿ ಸುರುಳಿ ರೊಟ್ಟಿ ಯೋಬನಿಗೇ ಬಡಿಸಿದಳು. ಕಾಲು, ಕೈ, ಔಷಧಿ ಎಲ್ಲದರ ವಿಚಾರಣೆ ಆಯಿತು. ಆಮೇಲೆ ಇಸಾಕ್ ಗಂಟಲು ಸರಿ ಮಾಡಿಕೊಂಡು ವಿಷಯಕ್ಕೆ ಬಂದ. ಹಿರಿಯರೆಲ್ಲ ಸೇರಿ ಮಾತಾಡಿದ್ದಾರೆ. ಬುಧವಾರ ಕ್ರೈನ್‌ಗೆ ಪಕ್ಕದ ಕೋಣೆಯಲ್ಲಿ ಮೆತ್ತನೆಯ ಕುರ್ಚಿ ಹಾಕಿಸುವುದಾಗಿ ತೀರ್ಮಾನವಾಗಿದೆ. ಗೋಡೆಯಲ್ಲಿ ಸ್ಪೀಕರು ಇದೆ, ಪ್ರಸಂಗ ಚೆನ್ನಾಗಿ ಕೇಳಿಸುತ್ತದೆ, ಯಾರಿಗೂ ತೊಂದರೆಯಿಲ್ಲ.

ಕ್ರೈನ್ ಮೇಜಿನ ಮರದ ಗೆರೆಗಳನ್ನು ನೋಡುತ್ತಾ ಕೂತ. ಪಕ್ಕದ ಕೋಣೆಯಲ್ಲಿ ಕೊಡೆಗಳನ್ನೂ ಎಳೆಮಕ್ಕಳ ತಳ್ಳುಗಾಡಿಗಳನ್ನೂ ಇಡುತ್ತಾರೆ. ಡಿಂಗೆನಾ ಕಪ್ಪುಗಳನ್ನು ಒಂದರ ಮೇಲೊಂದು ಇಟ್ಟಳು.

ಮುಗಿಸುವ ಪ್ರಾರ್ಥನೆಗೆ ಇಸಾಕ್ ಎದ್ದು ನಿಂತ. ಯೋಬನೂ ನಿಂತ. ಕ್ರೈನ್ ಮೇಜು ಹಿಡಿದು ಎದ್ದು ಟೋಪಿ ತೆಗೆದ. ಪ್ರಾರ್ಥನೆ ಉದ್ದವಾಗಿತ್ತು, ಗಂಭೀರವಾಗಿತ್ತು, ಎಲ್ಲ ಪದಗಳೂ ತಮ್ಮ ತಮ್ಮ ಜಾಗದಲ್ಲಿದ್ದವು. ಆಮೆನ್ ಆಯಿತು. ಹಿರಿಯರಿಬ್ಬರೂ ಟೋಪಿ ಇಳಿಸಿದರು. ಕ್ರೈನ್ ಇಳಿಸಲಿಲ್ಲ.

ಯೋಬ್ ತನ್ನ ಬೂಟು ನೋಡಿಕೊಂಡ. ಇಸಾಕ್ ಮರುಕದಿಂದ ತಲೆಯಾಡಿಸಿ ಬಾಗಿಲ ಕಡೆ ತಿರುಗಿದ. ಡಿಂಗೆನಾಳಿಗೆ ಆವತ್ತು ಕಾಫಿ ಬಗ್ಗಿಸುತ್ತಾ ತಾನು ಹೇಳಿದ್ದ ಮಾತು ನೆನಪಾಯಿತು.

"ಹಿರಿಯರೇ, ಸ್ವಲ್ಪ ನಿಲ್ಲಿ. ಅವನು ಕಾಯ್ತಿದ್ದಾನೆ."

"ಯಾತಕ್ಕೆ?"

"ಇವತ್ತಿನದ್ದು ಒಂದು ಬೇಕು ಅವನಿಗೆ. ಚಿಕ್ಕದ್ದು. ಅದಿಲ್ದೆ ಟೋಪಿ ಇಳಿಸಲ್ಲ. ಮಾರ್ಚಿಯಲ್ಲಿ ನಿಂತಿದ್ದೂ ಅದಕ್ಕೇ. ಬುದ್ಧಿ ಸರಿಯಾಗೇ ಇದೆ. ನಾನೇ ತಿಳ್ಕೊಳ್ಳೋಕೆ ಮೇ ತಿಂಗಳ ತನಕ ತಗೊಂಡೆ."

"ಚಿಕ್ಕದ್ದು ಅಂದ್ರೆ?"

"ನಿಮಗೆ ಇವತ್ತು ಸಿಕ್ಕಿದ್ದು. ಬೇಲಿ ಪಕ್ಕ ಹೇಳೋ ಅಂಥದ್ದು."

ಇಸಾಕನ ಮುಖ ಕೆಂಪಾಯಿತು. ತನ್ನದೇ ಮಾತು ತನಗೇ ವಾಪಸು ಬಂದದ್ದು ಅವನಿಗೆ ಗೊತ್ತಾಯಿತು. ಸಿಟ್ಟಾಗುತ್ತಾನೆ ಎಂದುಕೊಂಡಳು ಡಿಂಗೆನಾ. ಅವನು ಮತ್ತೆ ಒಳಗೆ ಬಂದು ಕುರ್ಚಿಯ ಬೆನ್ನು ಹಿಡಿದು ನಿಂತ.

"ನನ್ನ ಮನೇಲಿ ಈಗ ಚಿಕ್ಕದ್ದು ಏನೂ ಉಳಿದಿಲ್ಲ, ಡಿಂಗೆನಾ," ಎಂದ.

ಕ್ರೈನ್‌ನ ಮೊಣಕೈ ಸೋತು ಇಳಿಯತೊಡಗಿತ್ತು. ಆದರೂ ಟೋಪಿ ಅಲ್ಲೇ. ಇಸಾಕ್ ಅದನ್ನೇ ನೋಡುತ್ತಿದ್ದವನು ಕಣ್ಣು ಮುಚ್ಚಿದ. ಈ ಸಲ ಬಂದದ್ದು ಮೇಲೆ ನಿಂತು ಓದುವ ದನಿಯಲ್ಲ.

"ಬೆಳಿಗ್ಗೆ ಮರೆತು ಇಬ್ಬರಿಗಾಗುವಷ್ಟು ಕಾಫಿ ಮಾಡ್ಬಿಟ್ಟೆ, ಕರ್ತನೇ. ಎರಡನೇ ಬಟ್ಟಲು ಚೆಲ್ಲೋಕೆ ಕೈ ಬರ್ಲಿಲ್ಲ. ಹಾಗೇ ನಿಂತಿದ್ದೆ. ಆಗ ಈ ಯೋಬ್ ಬಂದು ಬಾಗಿಲು ತಟ್ಟಿದ. ಅವನು ಕುಡಿದ. ಅದಕ್ಕೆ... ಅದಕ್ಕೆ ನಿನಗೆ ಸ್ತೋತ್ರ."

ಟೋಪಿ ಇಳಿಯಿತು. ಕ್ರೈನ್ ಟೋಪಿಯನ್ನು ಮೇಜಿನ ಮೇಲಿಟ್ಟು, ಆ ಎಡಗೈಯನ್ನೇ ಇಸಾಕನ ತೋಳಿನ ಮೇಲಿಟ್ಟ. ಹೀಗೆಂದು ಗೊತ್ತಿದ್ದರೆ ಸಕ್ಕರೆ ಇಲ್ಲ ಎಂದು ಗೊಣಗುತ್ತಿರಲಿಲ್ಲ ಎಂದ ಯೋಬ್. ಆ ದಿನ ಅವನು ಆಡಿದ್ದು ಅದೊಂದೇ ಮಾತು.

ಹೊರಡುವಾಗ ಇಸಾಕ್ ಗೇಟಿನ ಹತ್ತಿರ ನಿಂತು, ಪಕ್ಕದ ಕೋಣೆ ಬೇಡ, ನಿಮ್ಮ ಬೆಂಚಿಗೇ ಬನ್ನಿ ಎಂದ. ಬುಧವಾರ ಪ್ರಾರ್ಥನೆಯಲ್ಲಿ ಏನು ಮಾಡುತ್ತೀರಿ ಎಂದು ಕೇಳುವ ಧೈರ್ಯ ಡಿಂಗೆನಾಳಿಗೆ ಬರಲಿಲ್ಲ. ಅಡುಗೆಮನೆಯಲ್ಲಿ ಮೂರು ಜನರ ಮುಂದೆ ಹೇಳುವುದು ಒಂದು, ಇಡೀ ಸಭೆಯ ಮುಂದೆ ಹೇಳುವುದು ಇನ್ನೊಂದು. ಅವನಿಗೂ ಅದು ಗೊತ್ತಿದ್ದಂತೆ ಕಂಡಿತು. ತಲೆ ಬಗ್ಗಿಸಿಕೊಂಡು ಹೋದ.

ಬುಧವಾರ ಬಂದರಿನಲ್ಲಿ ದೋಣಿಗಳೆಲ್ಲ ಒಂದಕ್ಕೊಂದು ಆತುಕೊಂಡು ನಿಂತಿದ್ದವು. ಡಿಂಗೆನಾ ಕಪ್ಪು ಟೋಪಿ ಇಟ್ಟುಕೊಂಡು, ಕ್ರೈನ್‌ನ ಎಡಗೈ ಹಿಡಿದು, ಬೀದಿಯ ಉದ್ದಕ್ಕೂ ನಡೆದಳು. ಜನ ದಾರಿ ಬಿಟ್ಟರು, ಒಂದೆರಡು ಕಡೆ ಮೊಣಕೈ ಮೊಣಕೈಗೆ ತಗುಲಿತು. ಎಂಟು ತಿಂಗಳ ಮೇಲೆ ತಮ್ಮ ಬೆಂಚಿನಲ್ಲಿ ಕೂತರು. ಹಿಂದಿನ ಬೆಂಚಿನಲ್ಲಿ ತೋನಾ, ಗಂಡನ ಜೊತೆ.

ಇಸಾಕ್ ಮೇಲೆ ಹತ್ತಿದ. ಗಂಡಸರೆಲ್ಲ ಎದ್ದರು, ಟೋಪಿಗಳು ಮುಖಕ್ಕೇರಿದವು. ಡಿಂಗೆನಾ ಕ್ರೈನ್‌ನ ಕೋಟಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಳು. ಪ್ರಾರ್ಥನೆ ನಡೆಯಿತು: ಬೆಳೆಗಾಗಿ, ಬಲೆಗಾಗಿ, ಒಡ್ಡು ಕಾಯುವವರಿಗಾಗಿ, ರಾಣಿಗಾಗಿ, ರೋಗಿಗಳಿಗಾಗಿ. ದೊಡ್ಡ ದೊಡ್ಡ ಮಾತುಗಳು ಒಂದರ ಹಿಂದೊಂದು ಬಂಡಿಗಳ ಹಾಗೆ ಹಾದುಹೋದವು. ಕೊನೆಯ ವಾಕ್ಯ ಅವಳಿಗೆ ಬಾಯಿಪಾಠ. ಅದರ ಹಿಂದೆಯೇ ಆಮೆನ್ ಬರುತ್ತದೆ. ವಾಕ್ಯ ಮುಗಿಯಿತು. ಅವಳು ಕಣ್ಣು ಬಿಗಿಯಾಗಿ ಮುಚ್ಚಿದಳು.

ಆಮೆನ್ ಬರಲಿಲ್ಲ. ಎಷ್ಟು ಹೊತ್ತು ಬರಲಿಲ್ಲವೆಂದರೆ ಜನ ಕೆಮ್ಮತೊಡಗಿದರು, ಹಾಳೆ ಕಳೆದುಕೊಂಡಿದ್ದಾನೇನೋ ಎಂದು ಕೆಲವರು ಟೋಪಿಯ ಅಂಚಿನಿಂದ ಇಣುಕಿದರು.

"ಮತ್ತೆ, ಕರ್ತನೇ," ಎಂದ ಇಸಾಕ್. "ಲೇನಾ ಹೆಣೆದ ಕಾಲುಚೀಲದ ಜೋಡಿಯಲ್ಲಿ ಒಂದು ಸಿಕ್ಕಿರಲಿಲ್ಲ. ಇವತ್ತು ಬೆಳಿಗ್ಗೆ ಸಿಕ್ತು. ಈಗ ಎರಡೂ ನನ್ನ ಕಾಲಲ್ಲಿದಾವೆ. ಅದಕ್ಕೂ ಸ್ತೋತ್ರ. ಆಮೆನ್."

ಯಾರೂ ನಗಲಿಲ್ಲ. ಹಿಂದೆ ತೋನಾ ಮೂಗು ಸೀಟಿಕೊಂಡ ಸದ್ದು ಹೆಬ್ಬಾಗಿಲ ತನಕ ಕೇಳಿಸಿರಬೇಕು. ಬೆಂಚುಗಳು ಕಿರ್ರೆಂದವು. ಕೋಟು ಹಿಡಿದಿದ್ದ ಡಿಂಗೆನಾಳ ಕೈಗೆ ಎಳೆಯುವ ಕೆಲಸವೇ ಬರಲಿಲ್ಲ. ಕ್ರೈನ್ ಟೋಪಿ ಇಳಿಸಿ, ಎಲ್ಲರ ಜೊತೆಗೇ ಕೂತ.

ಪ್ರಸಂಗ ಶುರುವಾಗುವಾಗ ಅವನು ಜೇಬಿಗೆ ಎಡಗೈ ಹಾಕಿ ತಡಕಾಡಿ, ಒಂದು ಪೆಪ್ಪರ್‌ಮಿಂಟ್ ತೆಗೆದು ಅವಳ ಅಂಗೈಯಲ್ಲಿಟ್ಟ. ಮಾರ್ಚಿಯಿಂದ ಆ ಕೋಟಿನ ಜೇಬಿನಲ್ಲೇ ಇದ್ದದ್ದು. ಮೇಲೆ ಉಣ್ಣೆಯ ಎಳೆ ಅಂಟಿತ್ತು. ಡಿಂಗೆನಾ ಎಳೆ ಬಿಡಿಸಿ ಬಾಯಿಗೆ ಹಾಕಿಕೊಂಡಳು. ಇವತ್ತಿನ ಮಧ್ಯಾಹ್ನಕ್ಕೆ ಇದೇ ಸಾಕು ಎಂದುಕೊಂಡಳು. ಆಮೇಲೆ ಇಸಾಕನ ಕಾಲುಚೀಲ ನೆನಪಾಯಿತು, ತೋನಾಳ ಮೂಗು ನೆನಪಾಯಿತು, ಮತ್ತೆ ಯಾವುದನ್ನು ಹೇಳುವುದೆಂಬ ಚಿಂತೆ ಹತ್ತಿಕೊಂಡಿತು.